ಹಗ್ಗ ಇಳಿಬಿಟ್ಟರೆ ಸಾಲದಾ, ಮನುಷ್ಯನೇ ಯಾಕೆ ಇಳಿಯಬೇಕು?

ಪ್ರಶ್ನೆ: ನಾನು ಶಿರಸಿಯವನು, ಕಿರಾಣಿ ಅಂಗಡಿ ಇದೆ. ನಮ್ಮ ಅಕ್ಕನನ್ನು ತದಡಿಗೆ ಕೊಟ್ಟಿದೆ. ಅವಳ ಮಗ ಎರಡು ವರ್ಷದಿಂದ ಟ್ರಾಲ್ ಬೋಟಿಗೆ ಹೋಗುತ್ತಿದ್ದಾನೆ. ಮೊನ್ನೆ ಟಿವಿಯಲ್ಲಿ, ತೂಫಾನಿಗೆ ಸಿಕ್ಕಿದ ಬೋಟಿನವರನ್ನು ಕೋಸ್ಟ್ ಗಾರ್ಡ್ ಹೆಲಿಕಾಪ್ಟರ್ ಎತ್ತುವುದನ್ನು ತೋರಿಸಿದರು. ಒಬ್ಬ ಹಗ್ಗ ಹಿಡಿದು ಸಮುದ್ರಕ್ಕೇ ಇಳಿದ. ಬೋಟಿನ ಮೇಲೆ ಹಗ್ಗ ಬಿಟ್ಟಿದ್ದರೆ ಅವರೇ ಕಟ್ಟಿಕೊಂಡು ಮೇಲೆ ಬರುತ್ತಿರಲಿಲ್ಲವಾ? ಅಷ್ಟು ದೊಡ್ಡ ಅಲೆಯಲ್ಲಿ ಈಜಲು ಆಗುತ್ತದಾ? ಅಂಥ ಗಾಳಿಯಲ್ಲಿ ಹೆಲಿಕಾಪ್ಟರ್ ನಿಲ್ಲುವುದಾದರೂ ಹೇಗೆ? ಅಳಿಯನಿಗೆ ಏನಾದರೂ ಹೇಳುವುದಿದ್ದರೆ ಅದನ್ನೂ ತಿಳಿಸಿ.

ಉತ್ತರ:

ಕಟ್ಟಿಕೊಳ್ಳಲು ಕೈ ಬೇಕಲ್ವಾ? ಆ ಹೊತ್ತಿಗೆ ಅವರ ಕೈ ಅವರದ್ದಾಗಿ ಉಳಿದಿರುವುದಿಲ್ಲ.

ನಾನು ಹಲವು ವರ್ಷ ಹೆಲಿಕಾಪ್ಟರಿನ ಬಾಗಿಲಲ್ಲಿ ಮಲಗಿ ವಿಂಚ್ ನಡೆಸಿದವನು. ವಿಂಚ್ ಎಂದರೆ ಉಕ್ಕಿನ ತಂತಿಯನ್ನು ಇಳಿಸಿ ಎತ್ತುವ ಯಂತ್ರ. ನಿವೃತ್ತಿಯಾದ ಮೇಲೆ ಕಾರವಾರದಲ್ಲಿದ್ದೇನೆ, ಕರೆದ ಕಡೆ ಹೋಗಿ ಬೋಟಿನ ಹುಡುಗರಿಗೆ ಸಮುದ್ರದ ಸುರಕ್ಷತೆ ಹೇಳಿಕೊಡುತ್ತೇನೆ. ನೀವು ಕೇಳಿದ್ದನ್ನು ಹೆಚ್ಚುಕಡಿಮೆ ಎಲ್ಲ ಬಂದರಿನಲ್ಲೂ ಯಾರಾದರೊಬ್ಬರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಸಮುದ್ರದ ಮೇಲೆಯೇ ಬದುಕುವ ದೊಡ್ಡ ದೊಡ್ಡ ಸಂಸ್ಥೆಗಳಿಗೂ ಇದರ ಉತ್ತರ ಬಹಳ ತಡವಾಗಿ ಗೊತ್ತಾಯಿತು.

1983ರ ಫೆಬ್ರುವರಿ 12. ಅಮೆರಿಕದ ವರ್ಜೀನಿಯಾ ಕರಾವಳಿಯ ಆಚೆ ಮರೀನ್ ಎಲೆಕ್ಟ್ರಿಕ್ ಎಂಬ ಕಲ್ಲಿದ್ದಲಿನ ಹಡಗು ಬಿರುಗಾಳಿಗೆ ಸಿಕ್ಕಿ ಮಗುಚಿತು. ಹಡಗಿನಲ್ಲಿ 34 ಜನ ಇದ್ದರು. ಕೋಸ್ಟ್ ಗಾರ್ಡ್ ಹೆಲಿಕಾಪ್ಟರ್ ಬಂತು, ನೀರಿನಲ್ಲಿದ್ದವರ ಪಕ್ಕಕ್ಕೇ ಬುಟ್ಟಿ ಇಳಿಸಿತು. ಬುಟ್ಟಿ ಕೈಗೆಟುಕುವಷ್ಟು ಹತ್ತಿರ. ಆದರೆ ಅದರೊಳಗೆ ಹತ್ತಿ ಕೂರುವ ತ್ರಾಣ ಯಾರಿಗೂ ಇರಲಿಲ್ಲ. ಚಳಿಗಾಲದ ನೀರು ಕೈಕಾಲನ್ನು ಮರಗಟ್ಟಿಸಿಬಿಟ್ಟಿತ್ತು. ಮೇಲಿದ್ದವರಿಗೆ ಇಳಿಸಲು ಬುಟ್ಟಿ ಇತ್ತು, ನೀರಿಗೆ ಇಳಿಸಲು ಮನುಷ್ಯ ಇರಲಿಲ್ಲ. ಆಮೇಲೆ ನೌಕಾಪಡೆಯ ಹೆಲಿಕಾಪ್ಟರಿನಲ್ಲಿ ಒಬ್ಬ ಈಜುಗಾರ ಬಂದು ನೀರಿಗಿಳಿದ. ಕೊನೆಗೆ ಬದುಕಿದ್ದು 3 ಜನ ಮಾತ್ರ. ಈ ದುರಂತದ ನಂತರವೇ ಅಮೆರಿಕದ ಕೋಸ್ಟ್ ಗಾರ್ಡ್ ಹೆಲಿಕಾಪ್ಟರಿನಿಂದ ಇಳಿಯುವ ಈಜುಗಾರರನ್ನು ಪ್ರತ್ಯೇಕವಾಗಿ ತಯಾರು ಮಾಡಲು ಶುರು ಮಾಡಿತು.

ನಮ್ಮ ಸಮುದ್ರ ಬೆಚ್ಚಗಿದೆಯಲ್ಲ ಎನ್ನಬಹುದು. ನಿಜ, ಅರಬ್ಬಿ ಸಮುದ್ರದ ನೀರು ನಮ್ಮ ಕಡೆ 27–28 ಡಿಗ್ರಿ ಆಸುಪಾಸು ಇರುತ್ತದೆ. ಆದರೆ ಮೈಯ ಬಿಸಿ 37. ಅಷ್ಟೇ ತಣ್ಣಗಿನ ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿ ಎಳೆಯುತ್ತದೆ. ಅಲ್ಲಿ ನಿಮಿಷಗಳಲ್ಲಿ ಆಗುವುದು ನಮ್ಮಲ್ಲಿ ಒಂದು ರಾತ್ರಿ ತೆಗೆದುಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ. ಖಾಲಿ ಡೀಸೆಲ್ ಕ್ಯಾನು ತಬ್ಬಿಕೊಂಡು ರಾತ್ರಿ ಕಳೆದವನನ್ನು ಬೆಳಿಗ್ಗೆ ನೋಡಬೇಕು. ಬೆರಳಿನ ಚರ್ಮ ಬೆಳ್ಳಗೆ ಸುಕ್ಕುಗಟ್ಟಿ ಹಗ್ಗ ತಾಗಿದಲ್ಲೆಲ್ಲ ಸುಲಿದಿರುತ್ತದೆ. ಉಪ್ಪುನೀರು ಕುಡಿದು ವಾಂತಿ ಮಾಡಿ ಮಾಡಿ ಸುಸ್ತಾಗಿರುತ್ತಾನೆ. ಭುಜ ಮೇಲೆ ಏಳುವುದಿಲ್ಲ. ಕ್ಯಾನು ಬಿಡಿ ಎಂದರೂ ಬಿಡುವುದಿಲ್ಲ, ಬೆರಳು ಹಾಗೇ ಸೆಟೆದುಕೊಂಡಿರುತ್ತದೆ. ಅವನ ಮುಂದೆ ಹಗ್ಗ ಇಳಿಬಿಟ್ಟರೆ ಅದನ್ನು ನೋಡುತ್ತಾನೆ, ಅಷ್ಟೇ.

ಇಳಿಯುವವನು ಕೆಳಗೆ ತೆಗೆದುಕೊಂಡು ಹೋಗುವುದು ಎರಡು ಗಟ್ಟಿ ಕೈ ಮತ್ತು ಒಂದು ತಣ್ಣಗಿನ ತಲೆ. ಈಜು ಅಲ್ಲಿಗೆ ತಲುಪುವ ದಾರಿ. ಟಿವಿಯಲ್ಲಿ ಆ ದಾರಿಯನ್ನೇ ಜಾಸ್ತಿ ತೋರಿಸುತ್ತಾರೆ.

ಈಗ ಬೋಟಿನ ಮೇಲೆಯೇ ಯಾಕೆ ಇಳಿಸುವುದಿಲ್ಲ ಎನ್ನುವುದು. ತದಡಿ ಬಂದರಿನಲ್ಲಿ ನಿಂತ ಟ್ರಾಲ್ ಬೋಟನ್ನು ಒಮ್ಮೆ ಸುಮ್ನೆ ನೋಡಿ. ಕಂಬ, ಬಲೆ ಎಳೆಯುವ ಕಬ್ಬಿಣದ ಚೌಕಟ್ಟು, ಆಂಟೆನಾ, ಆ ಕಡೆಯಿಂದ ಈ ಕಡೆಗೆ ಹತ್ತು ಹಗ್ಗ. ನಿಂತ ನೀರಿನಲ್ಲೇ ಕಾಲಿಡಲು ಜಾಗ ಹುಡುಕಬೇಕು. ತೂಫಾನಿನಲ್ಲಿ ಆ ಕಂಬದ ತುದಿ ಎಡಕ್ಕೂ ಬಲಕ್ಕೂ ಬೀಸಣಿಗೆಯ ಹಾಗೆ ಬೀಸುತ್ತಿರುತ್ತದೆ. ನಮ್ಮ ತಂತಿಯ ಕೊಕ್ಕೆ ಎಲ್ಲಾದರೂ ಸಿಕ್ಕಿಕೊಂಡರೆ ಹೆಲಿಕಾಪ್ಟರನ್ನು ಬೋಟಿಗೆ ಕಟ್ಟಿಹಾಕಿದಂತೆ. ಮುಂದಿನ ಅಲೆಗೆ ಬೋಟು ಕೆಳಗಿಳಿದರೆ ನಮ್ಮನ್ನೂ ಎಳೆಯುತ್ತದೆ. ಅದಕ್ಕೇ ವಿಂಚಿನಲ್ಲಿ ಒಂದು ಸಣ್ಣ ಸಿಡಿಮದ್ದು ಇಟ್ಟಿರುತ್ತಾರೆ. ಗುಂಡಿ ಒತ್ತಿದರೆ ತಂತಿ ಕತ್ತರಿಸಿ ಹೋಗುತ್ತದೆ. ಆ ಹೊತ್ತಿಗೆ ತಂತಿಯ ತುದಿಯಲ್ಲಿ ಮನುಷ್ಯ ಇದ್ದರೆ? ಅಂಥ ತೀರ್ಮಾನ ಮಾಡುವ ಗತಿ ಬರದಿರಲಿ ಎಂದೇ ಬೋಟಿನಿಂದ ದೂರ ಇರುತ್ತೇವೆ. ದೊಡ್ಡ ಹಡಗಾದರೆ ಡೆಕ್ ಅಗಲವಾಗಿರುತ್ತದೆ, ತೆಳ್ಳಗಿನ ಹಗ್ಗವೊಂದನ್ನು ಮೊದಲು ಇಳಿಸಿ, ಕೆಳಗಿನವರು ಅದನ್ನು ಹಿಡಿದು ನಮ್ಮ ಈಜುಗಾರನನ್ನು ತಮ್ಮ ಕಡೆ ಸೆಳೆದುಕೊಳ್ಳುವ ಕ್ರಮವಿದೆ. ಮೀನಿನ ಬೋಟಿಗೆ ಬಂದರೆ, ಲೈಫ್ ಜಾಕೆಟ್ ಹಾಕಿಕೊಂಡು ಒಬ್ಬೊಬ್ಬರೇ ನೀರಿಗೆ ಇಳಿಯಿರಿ ಎಂದು ಸನ್ನೆ ಮಾಡುವುದೇ ಎಷ್ಟೋ ಸಲ ಸುರಕ್ಷಿತ. ಮುಳುಗುವ ಬೋಟಿನಿಂದ ನೀರಿಗೆ ಜಿಗಿಯಿರಿ ಎಂದರೆ ಯಾರಿಗೆ ಧೈರ್ಯ ಬರುತ್ತದೆ ಹೇಳಿ. ಆದರೆ ಅದೇ ಸರಿ.

ಗಾಳಿಯ ವಿಷಯದಲ್ಲಿ ಹೆಚ್ಚಿನವರು ಅಂದುಕೊಂಡಿದ್ದು ತಿರುವುಮುರುವು. ಒಂದೇ ಸಮ ಬೀಸುವ ಗಾಳಿಗೆ ಮುಖ ಮಾಡಿ ನಿಂತರೆ ಹೆಲಿಕಾಪ್ಟರಿಗೆ ತ್ರಾಸು ಕಡಿಮೆ, ಎಂಜಿನ್ನಿಗೆ ಬೇಕಾಗುವ ಶಕ್ತಿಯೂ ಕಡಿಮೆ. ಗಾಳಿಯೇ ಇಲ್ಲದ ಸೆಕೆಯ ಮಧ್ಯಾಹ್ನ ನಿಲ್ಲುವುದು ಇನ್ನೂ ಕಷ್ಟ. ನಮಗೆ ಹೆದರಿಕೆ ಇರುವುದು ಬಿಟ್ಟುಬಿಟ್ಟು ನುಗ್ಗುವ ಗಾಳಿಯ ಬಗ್ಗೆ, ಕೆಳಗಿಳಿದ ಮೋಡದ ಬಗ್ಗೆ, ಎದುರಿನದ್ದು ಕಾಣದ ಹಾಗೆ ಸುರಿಯುವ ಮಳೆಯ ಬಗ್ಗೆ. ಇನ್ನೊಂದು ಇದೆ. ಪೈಲಟ್ಟಿಗೆ ತನ್ನ ಹೊಟ್ಟೆಯ ಕೆಳಗಿರುವುದು ಕಾಣುವುದಿಲ್ಲ. ಸುತ್ತ ನೋಡಿದರೆ ಎಲ್ಲ ಕಡೆ ನೀರು ಓಡುತ್ತಿರುತ್ತದೆ. ರೈಲು ನಿಂತಾಗ ಪಕ್ಕದ ರೈಲು ಹೊರಟರೆ ನಾವೇ ಹೊರಟಂತೆ ಅನಿಸುತ್ತದಲ್ಲ, ಹಾಗೆ. ಅದಕ್ಕೇ ಬಾಗಿಲಲ್ಲಿ ಮಲಗಿದವನು ಬಾಯಿ ಮುಚ್ಚುವಂತಿಲ್ಲ. "ಮುಂದೆ ಹತ್ತು. ಐದು. ಮೂರು. ಬಲಕ್ಕೆ ಎರಡು. ನಿಲ್ಲಿ. ಹಾಗೇ ನಿಲ್ಲಿ." ನನ್ನ ಮಾತಿನ ಮೇಲೆಯೇ ಪೈಲಟ್ ಕಣ್ಣು ಮುಚ್ಚಿ ನಡೆದ ಹಾಗೆ. ನಮ್ಮಲ್ಲಿ ಸಾಮಾನ್ಯವಾಗಿ ಇಬ್ಬರು ಪೈಲಟ್, ಇಬ್ಬರು ನಮ್ಮಂಥವರು. ಒಬ್ಬ ವಿಂಚ್ ನೋಡುತ್ತಾನೆ, ಇನ್ನೊಬ್ಬ ಇಳಿಯುತ್ತಾನೆ.

ಕೆಳಗಿನ ಪಾಡೇ ಬೇರೆ. ಕೋಸ್ಟ್ ಗಾರ್ಡಿನಲ್ಲಿರುವ ಧ್ರುವ್ ಹೆಲಿಕಾಪ್ಟರಿನ ತೂಕ ಪೂರ್ತಿ ತುಂಬಿದಾಗ ಐದೂವರೆ ಟನ್. ಅಷ್ಟು ತೂಕ ಗಾಳಿಯಲ್ಲಿ ನಿಲ್ಲಬೇಕಾದರೆ ರೆಕ್ಕೆ ಅಷ್ಟೇ ಬಲವಾಗಿ ಗಾಳಿಯನ್ನು ಕೆಳಗೆ ದಬ್ಬುತ್ತಿರಬೇಕು. ಆ ಗಾಳಿ ನೀರಿಗೆ ಬಡಿದು ಹನಿ ಹನಿಯಾಗಿ ಎದ್ದು ಮುಖಕ್ಕೆ ಮರಳು ಎರಚಿದ ಹಾಗೆ ಹೊಡೆಯುತ್ತದೆ. ಉಸಿರೆಳೆದರೆ ಅರ್ಧ ನೀರು. ಈಜುಗಾರನಿಗೆ ಮುಖವಾಡ, ಉಸಿರಿನ ಕೊಳವೆ ಇರುವುದು ಇದಕ್ಕೇ. ಬೋಟಿನವನಿಗೆ ಅದು ಇಲ್ಲ. ಅದಕ್ಕೇ ಕೆಲವೊಮ್ಮೆ ಈಜುಗಾರನನ್ನು ಬಿಟ್ಟು ಹೆಲಿಕಾಪ್ಟರ್ ಪಕ್ಕಕ್ಕೆ ಸರಿಯುತ್ತದೆ. ಟಿವಿಯಲ್ಲಿ ನೋಡಿದವರು "ಬಿಟ್ಟು ಹೋದರಲ್ಲ" ಎನ್ನುತ್ತಾರೆ. ಉಸಿರಾಡಲು ಜಾಗ ಬಿಟ್ಟಿದ್ದು ಅದು. ಮತ್ತೆ, ಇಳಿದು ಬರುವ ಕೊಕ್ಕೆಯನ್ನು ನೀರು ಮುಟ್ಟುವ ಮೊದಲು ಯಾರೂ ಹಿಡಿಯಬಾರದು. ರೆಕ್ಕೆ ಗಾಳಿಗೆ ಉಜ್ಜಿ ಹೆಲಿಕಾಪ್ಟರಿನಲ್ಲಿ ವಿದ್ಯುತ್ ತುಂಬಿರುತ್ತದೆ. ಮೊದಲು ಮುಟ್ಟಿದವನಿಗೆ ಶಾಕ್ ಗ್ಯಾರಂಟಿ. ಸಮುದ್ರಕ್ಕೆ ಮುಟ್ಟಿಸಿ ಆಮೇಲೆ ಹಿಡಿಯುವುದು.

ನಾಲ್ಕು ಮೀಟರ್ ಅಲೆಯಲ್ಲಿ ಈಜುವುದು ಎಂದರೆ ಹೋರಾಡುವುದಲ್ಲ. ಅಲೆಯ ತಗ್ಗಿನಲ್ಲಿದ್ದಾಗ ಸುತ್ತ ನೀರಿನ ಗೋಡೆ, ಏನೂ ಕಾಣುವುದಿಲ್ಲ. ನೆತ್ತಿಗೆ ಬಂದಾಗ ಎರಡು ಕ್ಷಣ ಕಾಣುತ್ತದೆ. ಆ ಎರಡು ಕ್ಷಣದಲ್ಲಿ ದಿಕ್ಕು ಹಿಡಿದುಕೊಂಡು ಮತ್ತೆ ತಗ್ಗಿಗೆ. ಕೊಳದಲ್ಲಿ ಪದಕ ಗೆದ್ದವರು ಇಲ್ಲಿ ದಿಕ್ಕೆಟ್ಟಿದ್ದನ್ನು ನೋಡಿದ್ದೇನೆ. ನದಿ ಸಮುದ್ರ ಸೇರುವ ಅಳಿವೆಯಲ್ಲಿ ಬೆಳೆದ ಹುಡುಗರು ವೇಗ ಇಲ್ಲದಿದ್ದರೂ ಸಲೀಸಾಗಿ ಹೋಗುತ್ತಾರೆ, ನೀರಿನ ಮೇಲೆ ಸಿಟ್ಟು ಮಾಡಿಕೊಳ್ಳುವುದಿಲ್ಲ.

ಹತ್ತಿರ ಹೋದ ಮೇಲಿನದ್ದೇ ನಿಜವಾದ ಕೆಲಸ. ಮುಳುಗುವವನ ಎದುರಿನಿಂದ ಹೋಗಬಾರದು, ಅವನು ನಿಮ್ಮನ್ನೇ ಮೆಟ್ಟಿಲು ಮಾಡಿಕೊಂಡು ಹತ್ತುತ್ತಾನೆ. ಅವನ ತಪ್ಪಲ್ಲ. ಹಾಗೇನಾದರೂ ಹಿಡಿದರೆ ನಾವು ಕೆಳಗೆ ಮುಳುಗಬೇಕು, ಆಗ ಅವನೇ ಬಿಡುತ್ತಾನೆ. ಹಿಂದಿನಿಂದ ಬಂದು ಕಂಕುಳಡಿ ಕೈ ಹಾಕುವುದು ಕ್ರಮ. ಮಾತು ನಡೆಯುವುದಿಲ್ಲ. ರೋಟರಿನ ಸದ್ದು ಒಂದು ಕಡೆ, ಭಾಷೆ ಇನ್ನೊಂದು ಕಡೆ. ಇಳಿದವನು ಹರಿಯಾಣದವನು, ಬೋಟಿನವನಿಗೆ ಕೊಂಕಣಿ. ಎದೆಯ ಮೇಲೆ ಎರಡು ಸಲ ಮೆತ್ತಗೆ ತಟ್ಟಿದರೆ ಅರ್ಥವಾಗುತ್ತದೆ.

ಎತ್ತುವ ಪಟ್ಟಿ ನೋಡಲು ಏನೂ ಅಲ್ಲ. ಅಗಲವಾದ ಒಂದು ಕುಣಿಕೆ, ತಲೆಯಿಂದ ಹಾಕಿ ಕಂಕುಳಡಿ ತಂದು ಎದೆಯ ಹತ್ತಿರ ಬಿಗಿ ಮಾಡುವುದು. ಕೈ ಎರಡೂ ಕೆಳಗೆ, ಮೈಗೆ ಒತ್ತಿ ಇರಬೇಕು. ಕೈ ಮೇಲೆತ್ತಿದರೆ ಮನುಷ್ಯ ಅಂಗಿ ಕಳಚಿದ ಹಾಗೆ ಕೆಳಗೆ ಜಾರುತ್ತಾನೆ.

ಒಬ್ಬ ತಾಂಡೇಲರನ್ನು, ಅಂದರೆ ಬೋಟು ನಡೆಸುವವರನ್ನು, ಎತ್ತುತ್ತಿದ್ದೆವು. ಐವತ್ತು ದಾಟಿದವರು, ರಾತ್ರಿಯೆಲ್ಲ ನೀರಿನಲ್ಲಿದ್ದರು. ನಮ್ಮ ಹುಡುಗ ಪಟ್ಟಿ ಹಾಕಿ, ತಾನೂ ಅದೇ ಕೊಕ್ಕೆಗೆ ಸಿಕ್ಕಿಸಿಕೊಂಡು, ಅವರ ಸೊಂಟವನ್ನು ತನ್ನ ಕಾಲಲ್ಲಿ ಕತ್ತರಿ ಹಾಕಿ ಹಿಡಿದುಕೊಂಡಿದ್ದ. ಅರ್ಧ ದಾರಿ ಬಂದಿರಬೇಕು. ಅವರು ತಲೆ ಎತ್ತಿ ಬಾಗಿಲಲ್ಲಿದ್ದ ನನ್ನನ್ನು ನೋಡಿದರು. ನೋಡಿದವರೇ ಎರಡೂ ಕೈ ಎತ್ತಿ ತಲೆಯ ಮೇಲೆ ಮುಗಿದರು. ಪಟ್ಟಿ ಕಂಕುಳಿನಿಂದ ಮೇಲೆ ಸರಿದಿದ್ದು ನನಗೆ ಕಂಡಿತು. ನನ್ನ ಕೈ ವಿಂಚಿನ ಗುಂಡಿಯ ಮೇಲೆ ಕಲ್ಲಾಯಿತು. ನಮ್ಮ ಹುಡುಗ ಎರಡೂ ತೋಳನ್ನು ಸೆಳೆದು ಕೆಳಕ್ಕೆ ಒತ್ತಿ ಹಿಡಿದ, ಬೈದ ಅಂತಲೂ ಕಾಣುತ್ತದೆ. ಒಳಗೆ ಬಂದ ಮೇಲೆ ಅವರು ನೀರು ಕೇಳಲಿಲ್ಲ. "ಬಲೆ ಹೋಯ್ತಾ?" ಎಂದು ಕೇಳಿದರು. ಲಕ್ಷಗಟ್ಟಲೆ ಸಾಲದ ಬಲೆ. ಯಾರೂ ಉತ್ತರ ಕೊಡಲಿಲ್ಲ.

ಹಗ್ಗ ಇಳಿಬಿಟ್ಟರೆ ಸಾಲದಾ ಎಂದು ಯಾರಾದರೂ ಕೇಳಿದಾಗೆಲ್ಲ ನನಗೆ ಆ ಮುಗಿದ ಕೈ ನೆನಪಾಗುತ್ತದೆ.

ತುಂಬ ಹೊತ್ತು ನೀರಿನಲ್ಲಿದ್ದವನನ್ನು ನೆಟ್ಟಗೆ ನಿಂತ ಭಂಗಿಯಲ್ಲಿ ಎತ್ತುವುದೂ ಅಪಾಯ. ನೀರಿನಲ್ಲಿದ್ದಾಗ ಸುತ್ತಲಿನ ಒತ್ತಡ ಕಾಲಿನ ರಕ್ತವನ್ನು ಮೇಲಕ್ಕೆ ಒತ್ತಿ ಹಿಡಿದಿರುತ್ತದೆ. ತಟಕ್ಕನೆ ಹೊರಗೆ ಎಳೆದರೆ ರಕ್ತ ಕಾಲಿಗೆ ಇಳಿದು ಬಿಪಿ ಬೀಳುತ್ತದೆ. ಬದುಕಿದೆ ಎಂದು ಮನಸ್ಸು ಸಡಿಲ ಬಿಡುವುದೂ ಅದೇ ಹೊತ್ತಿಗೆ. ನೀರಿನಲ್ಲಿ ಮಾತಾಡುತ್ತಿದ್ದವರು ಮೇಲೆ ಬಂದು ಪ್ರಾಣ ಬಿಟ್ಟ ಉದಾಹರಣೆಗಳು ಬೇಕಷ್ಟಿವೆ. ಅದಕ್ಕೇ ಆದಾಗೆಲ್ಲ ಎರಡು ಪಟ್ಟಿ ಹಾಕುತ್ತಾರೆ, ಒಂದು ಕಂಕುಳಡಿ, ಇನ್ನೊಂದು ಮೊಣಕಾಲಡಿ. ಕುರ್ಚಿಯಲ್ಲಿ ಒರಗಿದ ಹಾಗೆ ಬರುತ್ತಾರೆ. ಇದನ್ನು ನಿಮ್ಮ ಅಳಿಯನಿಗೂ ಹೇಳಿ. ಸಮುದ್ರದಲ್ಲಿ ಬಿದ್ದವರನ್ನು ಮೊದಲು ಮುಟ್ಟುವುದು ಎಷ್ಟೋ ಸಲ ಪಕ್ಕದ ಬೋಟಿನವರೇ. ತೋಳು ಹಿಡಿದು ನೇರ ಮೇಲೆಳೆಯುವ ಬದಲು ಬಲೆಯ ತುಂಡೋ ತಾಡಪತ್ರಿಯೋ ಕೆಳಗೆ ಹಾಕಿ ಅಡ್ಡ ಉರುಳಿಸಿಕೊಂಡು ಒಳಗೆ ತೆಗೆದುಕೊಳ್ಳಲಿ. ತೆಗೆದುಕೊಂಡ ಮೇಲೆ ಮಲಗಿಸಿಯೇ ಇಡಲಿ. ಎಬ್ಬಿಸಿ ಕೂರಿಸಿ ಚಾ ಕೊಡುವ ಪ್ರೀತಿ ಆಗ ಬೇಡ.

ಈ ಕೆಲಸ ಇಳಿಯುವವರ ಜೀವವನ್ನೂ ಕೇಳುತ್ತದೆ. 2024ರ ಸೆಪ್ಟೆಂಬರ್ 2ರ ರಾತ್ರಿ ಗುಜರಾತಿನ ಪೋರಬಂದರ್ ಆಚೆ ಹರಿ ಲೀಲಾ ಎಂಬ ಟ್ಯಾಂಕರಿನಲ್ಲಿ ಗಾಯಗೊಂಡವನೊಬ್ಬನನ್ನು ತರಲು ಹೋದ ಕೋಸ್ಟ್ ಗಾರ್ಡ್ ಹೆಲಿಕಾಪ್ಟರ್ ಸಮುದ್ರಕ್ಕೆ ಬಿತ್ತು. ನಾಲ್ವರಲ್ಲಿ ಬದುಕಿ ಸಿಕ್ಕಿದ್ದು ಒಬ್ಬ ಡೈವರ್ ಮಾತ್ರ, ಮೂವರು ಹೋದರು. ಎಂಜಿನ್ ಕೆಟ್ಟಿದೆ, ಬೋಟು ತೇಲುತ್ತಿದೆ ಎನ್ನುವಾಗ ಹೆಲಿಕಾಪ್ಟರ್ ಬೇಕೆಂದು ಹಟ ಹಿಡಿಯಬಾರದು. ಹಗ್ಗ ಕಟ್ಟಿ ಎಳೆಯಲು ಹಡಗು ಬಂದರೆ ಸಾಕು. ಹಡಗೂ ಹೆಲಿಕಾಪ್ಟರೂ ಜೊತೆಗೆ ದುಡಿದದ್ದೂ ಉಂಟು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಮೂಲ್ಕಿಯ ಆಚೆ ಬಂಡೆಗಳ ಹತ್ತಿರ ಒಂದು ಟಗ್, ಅಂದರೆ ದೊಡ್ಡ ಹಡಗನ್ನು ಎಳೆಯುವ ಬೋಟು, ಸಿಕ್ಕಿಬಿದ್ದಿತ್ತು. ಕೋಸ್ಟ್ ಗಾರ್ಡ್ ಹಡಗು, ನೌಕಾಪಡೆಯ ಹೆಲಿಕಾಪ್ಟರ್ ಎರಡೂ ಸೇರಿ 9 ಜನರನ್ನೂ ಉಳಿಸಿದವು.

ಈಗ ನಮ್ಮ ಜಿಲ್ಲೆಯ ಲೆಕ್ಕಕ್ಕೆ ಬರೋಣ. ನಮಗೆ ಹತ್ತಿರದ ಹೆಲಿಕಾಪ್ಟರ್ ಗೋವಾದ್ದು. ಅಲ್ಲಿನ ದಾಬೋಲಿಂ ವಿಮಾನ ನಿಲ್ದಾಣದಿಂದ ಕಾರವಾರಕ್ಕೆ ಆಕಾಶದ ದಾರಿಯಲ್ಲಿ ಸುಮಾರು 70 ಕಿಲೋಮೀಟರ್, ತದಡಿಗೆ 110. ಹಾರಾಟದ ಹೊತ್ತು ದೊಡ್ಡದಲ್ಲ. ಹೊತ್ತು ಹೋಗುವುದು ಹುಡುಕುವುದರಲ್ಲಿ. ಮೇಲಿನಿಂದ ನೋಡಿದರೆ ಮನುಷ್ಯನ ತಲೆ ಎಂದರೆ ನೀರಿನ ಮೇಲೆ ಒಂದು ತೆಂಗಿನಕಾಯಿ. ಸುತ್ತ ಸಾವಿರ ಬಿಳಿ ನೊರೆ. 2 ನಾಟ್ ವೇಗದಲ್ಲಿ ತೇಲಿಹೋದರೆ ಒಂದು ಗಂಟೆಗೆ ಸುಮಾರು 3.7 ಕಿಲೋಮೀಟರ್ ದಾಟುತ್ತಾನೆ. ಯಾವ ದಿಕ್ಕೆಂದು ಗೊತ್ತಿಲ್ಲದಿದ್ದರೆ ಹುಡುಕಬೇಕಾದ ಜಾಗ 40 ಚದರ ಕಿಲೋಮೀಟರಿಗೂ ಜಾಸ್ತಿ. ಎರಡು ಗಂಟೆ ತಡವಾದರೆ ಜಾಗ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ಆದ್ದರಿಂದ ಬೋಟಿನಲ್ಲಿ ತುರ್ತು ಕರೆಯ ಯಂತ್ರ, ನಮ್ಮವರು 'ಡ್ಯಾಟ್' ಎನ್ನುತ್ತಾರಲ್ಲ, ಅದು ಕೆಲಸ ಮಾಡುತ್ತಿರಬೇಕು. ಇಸ್ರೋ ತಯಾರಿಸಿದ್ದು. ಗುಂಡಿ ಒತ್ತಿದರೆ ಬೋಟು ಎಲ್ಲಿದೆ ಎನ್ನುವುದು ಉಪಗ್ರಹದ ಮೂಲಕ ಕೋಸ್ಟ್ ಗಾರ್ಡಿಗೆ ಹೋಗುತ್ತದೆ. ಹಳೆಯದರಲ್ಲಿ ಕರೆ ಮುಟ್ಟಿತಾ ಇಲ್ಲವಾ ಎಂದು ತಿಳಿಯುತ್ತಿರಲಿಲ್ಲ, ಹೊಸದರಲ್ಲಿ ಮುಟ್ಟಿತು ಎಂಬ ಮರುಉತ್ತರ ಬರುತ್ತದೆ. ಬೋಟಿನ ರೇಡಿಯೊದಲ್ಲಿ, ಅಂದರೆ ವಿಎಚ್‌ಎಫ್ ಸೆಟ್ಟಿನಲ್ಲಿ, 16ನೇ ಚಾನೆಲ್ ಇರುವುದು ತುರ್ತಿಗೆ. ಅಲ್ಲಿ ಹರಟೆ ಹೊಡೆಯಬಾರದು, ಆದರೆ ಹೊಡೆಯುತ್ತಾರೆ. ಮೊಬೈಲ್ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡಿನ 1554. ಮನೆಯಲ್ಲಿ ನಿಮ್ಮ ಅಕ್ಕನ ಹತ್ತಿರವೂ ಈ ನಂಬರ್ ಇರಲಿ. ಜೊತೆಗೆ ಬೋಟಿನ ಹೆಸರು, ನೋಂದಣಿ ನಂಬರ್, ಎಷ್ಟು ಜನ ಹೋದರು ಎನ್ನುವುದನ್ನೂ ಬರೆದಿಟ್ಟುಕೊಳ್ಳಲಿ. ಎಷ್ಟೋ ಸಲ ದಡದಲ್ಲಿದ್ದವರಿಗೆ ಜನ ಎಷ್ಟು ಎಂದೇ ಗೊತ್ತಿರುವುದಿಲ್ಲ. ಐದನೆಯವನನ್ನು ಹುಡುಕಬೇಕಾ, ನಾಲ್ವರೇನಾ ಎಂದು ನಾವು ಮೇಲೆ ಸುತ್ತುತ್ತಿರುತ್ತೇವೆ.

ಅಳಿವೆಯ ಬಗ್ಗೆ ಒಂದು ಮಾತು. ಹೊರಗಿನ ಆಳ ಸಮುದ್ರಕ್ಕಿಂತ ನನಗೆ ಅಘನಾಶಿನಿ, ಶರಾವತಿಯಂಥ ಅಳಿವೆಯ ಬಾಯಿಯೇ ಹೆಚ್ಚು ಹೆದರಿಕೆ. ಇಳಿತದ ನೀರು ಹೊರಗೆ ನುಗ್ಗುವಾಗ ಸಮುದ್ರದ ಅಲೆ ಎದುರಾದರೆ ಅಲೆ ಕಡಿದಾಗಿ ನಿಂತುಬಿಡುತ್ತದೆ, ಕೆಳಗೆ ಮರಳದಿಬ್ಬ ಬೇರೆ. ದಡದಲ್ಲಿ ಜನ ನೋಡುತ್ತಿರುವಾಗಲೇ ಬೋಟು ಮಗುಚುತ್ತದೆ. ಅಲ್ಲಿಗೆ ಹೆಲಿಕಾಪ್ಟರ್ ಬರುವಷ್ಟು ಹೊತ್ತೇ ಇರುವುದಿಲ್ಲ. ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿದ ಕೂಡಲೇ, ಮೊದಲ ಮೀನಿಗೆ ರೇಟು ಜಾಸ್ತಿ ಎಂದು ಆಗಸ್ಟಿನ ಗಾಳಿಯಲ್ಲೇ ಹೊರಡುತ್ತಾರೆ. ಭರತ, ಅಂದರೆ ಉಬ್ಬರ, ನೋಡಿ ದಾಟಿ ಎಂದು ಹಿರಿಯರು ಹೇಳಿದ್ದನ್ನು ಕೇಳಿದರೆ ಸಾಕು.

ಕೊನೆಯದ್ದು ಜಾಕೆಟ್. 2019ರ ಜನವರಿ 21ರಂದು ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಕಾರವಾರದ ಹತ್ತಿರ ಮಗುಚಿ 16 ಜನ ತೀರಿಕೊಂಡರು. ತೂಫಾನು ಇರಲಿಲ್ಲ, ಹಗಲು ಹೊತ್ತು, ದಡ ಕಾಣುತ್ತಿತ್ತು. ಜಾಕೆಟ್ ಹಾಕಿರಲಿಲ್ಲ. ಮೀನಿನ ಬೋಟಿನಲ್ಲೂ ಅದೇ ಕತೆ. ನಾನು ಹತ್ತಿ ನೋಡಿದ ಬೋಟುಗಳಲ್ಲಿ ಜಾಕೆಟ್ ಇರುವುದು ಕ್ಯಾಬಿನ್ನಿನ ಮೂಲೆಯಲ್ಲಿ, ಅಕ್ಕಿ ಚೀಲದ ಅಡಿಯಲ್ಲಿ, ಅಂಗಡಿಯಿಂದ ತಂದ ಪ್ಲಾಸ್ಟಿಕ್ ಕವರಿನ ಸಮೇತ. ಸೆಕೆ, ಬಲೆಗೆ ಸಿಕ್ಕುತ್ತದೆ ಎನ್ನುತ್ತಾರೆ. ಸುಳ್ಳಲ್ಲ, ಸೆಕೆಯಾಗುತ್ತದೆ. ಬಲೆ ಎಳೆಯುವಾಗ ಬೇಡ ಎಂದರೂ ಅಳಿವೆ ದಾಟುವಾಗ, ಗಾಳಿ ಎದ್ದಾಗ, ರಾತ್ರಿ ಡೆಕ್ಕಿಗೆ ಹೋಗುವಾಗಲಾದರೂ ಹಾಕಲಿ.

ನೀವು ಮುಂದಿನ ಸಲ ದೇವಿಮನೆ ಘಟ್ಟ ಇಳಿದು ತದಡಿಗೆ ಹೋದಾಗ ಒಂದು ಕೆಲಸ ಮಾಡಿ. ಅಳಿಯನಿಗೆ ಅವನ ಜಾಕೆಟ್ ಹಾಕಿಸಿ. ಎಲ್ಲ ಬಕ್ಕಲ್ ಬಿಗಿದ ಮೇಲೆ, ಎರಡೂ ಭುಜದ ಹತ್ತಿರ ಜಾಕೆಟ್ ಹಿಡಿದು ಜೋರಾಗಿ ಮೇಲಕ್ಕೆ ಎಳೆಯಿರಿ. ಅದು ಗಲ್ಲದ ತನಕ ಬಂದರೆ ಸಡಿಲವಾಯಿತು ಎಂದು ಅರ್ಥ. ಕಾಲ ಸಂದಿಯಿಂದ ತರುವ ಪಟ್ಟಿ ಇದ್ದರೆ ಅದನ್ನೂ ಹಾಕಿಸಿ, ನಾಚಿಕೆ ಎನ್ನುತ್ತಾನೆ, ಬಿಡಬೇಡಿ. ಜೇಬಿನಲ್ಲಿ ಸೀಟಿ ಇದೆಯಾ ನೋಡಿ, ಒಮ್ಮೆ ಊದಿಸಿ. ಎಂದಾದರೂ ಪಟ್ಟಿಯಲ್ಲಿ ನೇತಾಡುವ ಗತಿ ಬಂದರೆ ಕೈ ಎರಡೂ ಕೆಳಗೇ ಇಟ್ಟುಕೊಳ್ಳಲು ಹೇಳಿ. ನಮಸ್ಕಾರ ಒಳಗೆ ಬಂದ ಮೇಲೆ ಮಾಡಿದರಾಯಿತು.